01/11 ರಾಜ್ಯೋತ್ಸವವೋ, ಸಂಕ್ರಾಂತಿಯ ವಾರವೋ? ಡೇಟಾಬೇಸ್‌ಗಳು ತಾರೀಖು ಓದುವ ಬಗೆ

ನವೆಂಬರ್ ಒಂದನ್ನು ನಾವು 01/11 ಅಂತ ಬರೆಯುತ್ತೇವೆ. ಬ್ಯಾಂಕ್ ಚೆಕ್‌ನ ಎಂಟು ಚೌಕಗಳಲ್ಲಿ ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. ಆಧಾರ್ ಕಾರ್ಡ್‌ನಲ್ಲೂ ಅಷ್ಟೇ. ಅಮೆರಿಕದವರಿಗೆ ಇದೇ 01/11 ಜನವರಿ 11. ಬೆಂಗಳೂರಿನ ಎಷ್ಟೋ ಆಫೀಸುಗಳಿಗೆ ಎರಡೂ ಬಗೆಯ ಫೈಲ್ ಬರುತ್ತವೆ: ಬೆಳಗ್ಗೆ ಪೀಣ್ಯದ ಸಪ್ಲೈಯರ್‌ನಿಂದ ಬಿಲ್ ಪಟ್ಟಿ, ರಾತ್ರಿ ಟೆಕ್ಸಾಸ್‌ನಿಂದ ಆರ್ಡರ್ ಪಟ್ಟಿ. ಎರಡೂ ಹೋಗಿ ಸೇರಬೇಕಾದ್ದು ಒಂದೇ ಟೇಬಲ್‌ಗೆ.

ಇದರಲ್ಲಿ ಎಷ್ಟು ಅಪಾಯ ಇದೆ ಅಂತ ಲೆಕ್ಕ ಹಾಕೋಣ. ದಿನ 12 ದಾಟಿದರೆ ಗೊಂದಲ ಇಲ್ಲ, 25ನೇ ತಿಂಗಳು ಅಂತ ಯಾವುದೂ ಇಲ್ವಲ್ಲ. ಗೊಂದಲ ಇರೋದು ಪ್ರತಿ ತಿಂಗಳ ಮೊದಲ 12 ದಿನಗಳಲ್ಲಿ, ಅಂದರೆ ವರ್ಷಕ್ಕೆ 144 ದಿನ. ಅವುಗಳಲ್ಲಿ 01/01, 02/02 ಥರದ 12 ದಿನ ಹೇಗೆ ಓದಿದರೂ ಒಂದೇ. ಉಳಿದವು 132. ದಿನ-ತಿಂಗಳು ಅದಲುಬದಲು ಓದುವ ಸರ್ವರ್‌ಗೆ ಇಡೀ ವರ್ಷದ ಡೇಟಾ ಕೊಟ್ಟರೆ 221 ದಿನ ಎರರ್ ಬರುತ್ತದೆ, 12 ದಿನ ಸರಿಯಾಗುತ್ತದೆ, 132 ದಿನ ಸದ್ದಿಲ್ಲದೆ ತಪ್ಪಾಗುತ್ತದೆ. ಎರರ್ ಬಂದರೆ ಯಾರಾದರೂ ಬಂದು ನೋಡುತ್ತಾರೆ. ಆ 132ರ ಸುದ್ದಿ ಗೊತ್ತಾಗೋದು ಆಡಿಟ್ ಹೊತ್ತಿಗೆ.

ಹಾಗಾಗಿ ಡೇಟಾಬೇಸ್‌ಗಳನ್ನು ಹೋಲಿಸುವಾಗ ನಾನು ಒಂದನ್ನೇ ನೋಡುತ್ತೇನೆ. ಸ್ಪಷ್ಟವಿಲ್ಲದ ತಾರೀಖು ಬಂದಾಗ ಇದು ಬೇಡ ಅನ್ನುತ್ತದಾ, ಊಹೆ ಮಾಡುತ್ತದಾ? ಬೇಡ ಅನ್ನುವುದೇ ನನಗೆ ಇಷ್ಟ. ಊಹಿಸುವುದಾದರೆ, ಆ ಊಹೆ ಯಾವ ಸೆಟ್ಟಿಂಗ್‌ನಿಂದ ಬಂತು ಅನ್ನೋದಾದರೂ ಗೊತ್ತಿರಬೇಕು.

ಪೋಸ್ಟ್‌ಗ್ರೆಸ್: ಸೆಟ್ಟಿಂಗ್ ಹೇಳಿದಂತೆ

ಪೋಸ್ಟ್‌ಗ್ರೆಸ್‌ನಲ್ಲಿ ಡೇಟ್‌ಸ್ಟೈಲ್ ಅನ್ನೋ ಒಂದು ಸೆಟ್ಟಿಂಗ್ ಇದೆ. ಅದರಲ್ಲಿ ಎರಡು ಭಾಗ. ತಾರೀಖನ್ನು ಹೇಗೆ ತೋರಿಸಬೇಕು ಅನ್ನೋದು ಒಂದು. ಒಳಗೆ ಬರುವ ತಾರೀಖನ್ನು ಯಾವ ಸಾಲಿನಲ್ಲಿ ಓದಬೇಕು ಅನ್ನೋದು ಇನ್ನೊಂದು. ಎಂಡಿವೈ ಇದ್ದರೆ ತಿಂಗಳು ಮೊದಲು, ಡಿಎಂವೈ ಇದ್ದರೆ ದಿನ ಮೊದಲು, ವೈಎಂಡಿ ಇದ್ದರೆ ವರ್ಷ ಮೊದಲು. 01/11/2024 ಅನ್ನು ಎಂಡಿವೈ ಸರ್ವರ್ ಜನವರಿ 11 ಅಂತ ಓದುತ್ತದೆ, ಡಿಎಂವೈ ಸರ್ವರ್ ನವೆಂಬರ್ 1 ಅಂತ. ಎಂಡಿವೈ ಇರುವಾಗ 15/08/2024 ಕೊಟ್ಟರೆ ತಾನಾಗಿ ತಿರುಗಿಸಿಕೊಳ್ಳುವುದಿಲ್ಲ. ಮೌಲ್ಯ ಮಿತಿ ಮೀರಿದೆ ಅಂತ ಎರರ್ ಕೊಟ್ಟು, ಡೇಟ್‌ಸ್ಟೈಲ್ ಬೇರೆ ಬೇಕಿತ್ತೇನೋ ಅಂತ ಸುಳಿವನ್ನೂ ಕೊಡುತ್ತದೆ. ಈ ಗುಣ ನನಗೆ ಹಿಡಿಸಿದೆ.

ತೊಂದರೆ ಇರೋದು ಆ ಸೆಟ್ಟಿಂಗ್‌ಗೆ ಮೊದಲ ಮೌಲ್ಯ ಯಾರು ಕೊಟ್ಟರು ಅನ್ನುವಲ್ಲಿ. ಇನ್‌ಸ್ಟಾಲ್ ಮಾಡುವಾಗ ಪೋಸ್ಟ್‌ಗ್ರೆಸ್ ಆ ಮಷಿನ್‌ನ ಲೋಕೇಲ್ (ಭಾಷೆ-ದೇಶದ ಸೆಟ್ಟಿಂಗ್) ನೋಡಿ ಕಾನ್ಫಿಗ್ ಫೈಲ್‌ನಲ್ಲಿ ಬರೆದಿಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನ ಲೋಕೇಲ್ ಇಂಡಿಯಾ ಇಂಗ್ಲಿಷ್ ಇದ್ದರೆ ದಿನ ಮೊದಲು. ಕಂಟೈನರ್‌ನಲ್ಲಿ ಓಡಿಸೋಕೆ ಸಿದ್ಧವಾಗಿ ಸಿಗುವ ಅಧಿಕೃತ ಡಾಕರ್ ಇಮೇಜ್‌ನ ಮಾಮೂಲಿ ಲೋಕೇಲ್ ಅಮೆರಿಕನ್ ಇಂಗ್ಲಿಷ್, ಅಲ್ಲಿ ತಿಂಗಳು ಮೊದಲು. ಒಂದೇ ಕೋಡ್, ಒಂದೇ ಫೈಲ್, ಲ್ಯಾಪ್‌ಟಾಪ್‌ನಲ್ಲಿ ರಾಜ್ಯೋತ್ಸವ, ಕಂಟೈನರ್‌ನಲ್ಲಿ ಸಂಕ್ರಾಂತಿಯ ವಾರ. "ನನ್ನ ಮಷಿನ್‌ನಲ್ಲಿ ಸರಿಯಾಗೇ ಇತ್ತಲ್ಲ" ಅನ್ನೋ ಮಾತು ಇಲ್ಲಿ ಅಕ್ಷರಶಃ ನಿಜ.

ವರ್ಷ ಮೊದಲು ಬರುವ 2024-11-01 ಮಾತ್ರ ಪೋಸ್ಟ್‌ಗ್ರೆಸ್‌ನಲ್ಲಿ ಯಾವ ಸೆಟ್ಟಿಂಗ್ ಇದ್ದರೂ ನವೆಂಬರ್ ಒಂದೇ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು, ವರ್ಷವನ್ನು ನಾಲ್ಕು ಅಂಕಿಯಲ್ಲಿ ಕೊಟ್ಟರೂ ಗೊಂದಲ ಇಲ್ಲ.

ಮೈಎಸ್‌ಕ್ಯೂಎಲ್: ಎಡಗಡೆ ಇರೋದೆಲ್ಲ ವರ್ಷ

ಮೈಎಸ್‌ಕ್ಯೂಎಲ್‌ನಲ್ಲಿ ದಿನ ಮೊದಲು, ತಿಂಗಳು ಮೊದಲು ಅಂತ ಆರಿಸಿಕೊಳ್ಳುವ ಸೆಟ್ಟಿಂಗೇ ಇಲ್ಲ. ವರ್ಷ, ತಿಂಗಳು, ದಿನ: ಇದೊಂದೇ ಸಾಲು. ಕೇಳೋಕೆ ಕಟ್ಟುನಿಟ್ಟು ಅನ್ನಿಸುತ್ತದೆ, ಅಲ್ವಾ? ಆದರೆ ನಡುವಿನ ಚಿಹ್ನೆ ವಿಷಯದಲ್ಲಿ ಇದು ತೀರಾ ಉದಾರಿ. 2024/11/01 ಕೊಟ್ಟರೂ ಸೈ, 2024@11@01 ಕೊಟ್ಟರೂ ಸೈ. 8.0.29ರಿಂದ ಅಡ್ಡಗೆರೆ ಬಿಟ್ಟು ಬೇರೆ ಚಿಹ್ನೆ ಹಾಕಿದರೆ ವಾರ್ನಿಂಗ್ ಬರುತ್ತದೆ, ಆದರೂ ಒಳಗೆ ಬಿಡುತ್ತದೆ.

ಇಲ್ಲೊಂದು ಮಜಾ ನೋಡಿ. 2012ರ ರಾಜ್ಯೋತ್ಸವವನ್ನು 01/11/12 ಅಂತ ಯಾರೋ ಬರೆದಿದ್ದಾರೆ. ಡಿಎಂವೈ ಅಥವಾ ಎಂಡಿವೈ ಇರುವ ಪೋಸ್ಟ್‌ಗ್ರೆಸ್ ಅದನ್ನು ನವೆಂಬರ್ 1 ಅಂತಲೋ ಜನವರಿ 11 ಅಂತಲೋ ಓದುತ್ತದೆ, ಇಸವಿಯಂತೂ 2012. ಮೈಎಸ್‌ಕ್ಯೂಎಲ್ ಓದೋದು 2001ರ ನವೆಂಬರ್ 12 ಅಂತ. ಪೀಣ್ಯದವರೂ ಹಾಗಂದಿರಲಿಲ್ಲ, ಟೆಕ್ಸಾಸ್‌ನವರೂ ಹಾಗಂದಿರಲಿಲ್ಲ. ಡೇಟ್ ಕಾಲಂಗೆ ಗೊತ್ತಿಲ್ಲದೆ 10:11:12 ಅಂತ ಟೈಮ್ ಹೋದರೆ ಅದೂ 2010ರ ನವೆಂಬರ್ 12 ಆಗುತ್ತದೆ.

ವರ್ಷ ನಾಲ್ಕು ಅಂಕಿ ಇದ್ದರೆ ಬಚಾವ್. 01/11/2024ರಲ್ಲಿ ದಿನದ ಜಾಗಕ್ಕೆ 2024 ಬರುವುದರಿಂದ ಅದು ಒಪ್ಪುವುದಿಲ್ಲ. ಆದರೆ ಒಪ್ಪದೆ ಏನು ಮಾಡುತ್ತದೆ ಅನ್ನೋದು ಸ್ಟ್ರಿಕ್ಟ್ ಮೋಡ್ ಮೇಲೆ ನಿಂತಿದೆ. ಮೋಡ್ ಆನ್ ಇದ್ದರೆ ಎರರ್. ಆಫ್ ಇದ್ದರೆ ಒಂದು ವಾರ್ನಿಂಗ್ ಕೊಟ್ಟು 0000-00-00 ಅಂತ ಬರೆದುಬಿಡುತ್ತದೆ. 5.7ರಿಂದ ಇದು ಮಾಮೂಲಿಯಾಗಿ ಆನ್. ಆದರೆ ಹಳೇ ಅಪ್ಲಿಕೇಶನ್ ಓಡಲಿ ಅಂತ ಯಾರೋ ಆಫ್ ಮಾಡಿಟ್ಟ ಸರ್ವರ್‌ಗಳು ಇನ್ನೂ ಇವೆ. ಹೊಸ ಕೆಲಸಕ್ಕೆ ಸೇರಿದಾಗ ಮೊದಲು ಇದನ್ನು ನೋಡಿಬಿಡಿ.

ಎಸ್‌ಕ್ಯೂಎಲ್ ಸರ್ವರ್: ಲಾಗಿನ್ ಭಾಷೆಯ ಆಟ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಐಎಸ್‌ಒ ಥರ, ಅಂದರೆ 2024-11-01 ಅಂತ ವರ್ಷ-ತಿಂಗಳು-ದಿನದ ಸಾಲಿನಲ್ಲಿ ಬರೆದರೆ ಎಲ್ಲ ಕಡೆ ಸರಿ ಅನ್ನೋ ನಂಬಿಕೆ ಮುರಿಯೋದು ಇಲ್ಲೇ.

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪ್ರತಿ ಲಾಗಿನ್‌ಗೂ ಒಂದು ಭಾಷೆ ಇರುತ್ತದೆ. ಅಮೆರಿಕನ್ ಇಂಗ್ಲಿಷ್ ಆದರೆ ತಿಂಗಳು ಮೊದಲು, ಬ್ರಿಟಿಷ್ ಇಂಗ್ಲಿಷ್ ಆದರೆ ದಿನ ಮೊದಲು. ಸೆಟ್ ಡೇಟ್‌ಫಾರ್ಮ್ಯಾಟ್ ಅನ್ನೋ ಆಜ್ಞೆಯಿಂದ ಆ ಸೆಷನ್‌ಗೆ (ಆ ಒಂದು ಕನೆಕ್ಷನ್‌ಗೆ) ಮಾತ್ರ ಬದಲಾಯಿಸಬಹುದು. ಇಲ್ಲಿಯವರೆಗೆ ಪೋಸ್ಟ್‌ಗ್ರೆಸ್ ಕಥೆಯೇ. ಒಂದೇ ಡೇಟಾಬೇಸ್‌ಗೆ ಇಬ್ಬರು ಬೇರೆ ಬೇರೆ ಭಾಷೆಯ ಲಾಗಿನ್‌ನಿಂದ ಬಂದು ಒಂದೇ ಕ್ವೆರಿ ಓಡಿಸಿದರೆ ಬೇರೆ ಬೇರೆ ಉತ್ತರ ಬರಬಹುದು ಅನ್ನೋದು ಮಾತ್ರ ಜಾಸ್ತಿ ತಲೆನೋವು.

ಈಗ ಬ್ರಿಟಿಷ್ ಲಾಗಿನ್‌ನಿಂದ 2024-11-01 ಅನ್ನು ಡೇಟ್‌ಟೈಮ್ ಕಾಲಂಗೆ ಕೊಡಿ. ನವೆಂಬರ್ 1 ಅಂದುಕೊಂಡಿರಾ? ಅದು ಜನವರಿ 11 ಆಗುತ್ತದೆ! ವರ್ಷ ಆದಮೇಲೆ ದಿನ, ಆಮೇಲೆ ತಿಂಗಳು ಅಂತ ಓದಿಕೊಳ್ಳುತ್ತದೆ. ಅದೇ ಲಾಗಿನ್‌ನಿಂದ 2024-11-15 ಕೊಟ್ಟರೆ 15ನೇ ತಿಂಗಳು ಇಲ್ಲ ಅಂತ ಎರರ್. ಹಳೆಯ ಡೇಟ್‌ಟೈಮ್ ಮತ್ತು ಸ್ಮಾಲ್‌ಡೇಟ್‌ಟೈಮ್ ಟೈಪ್‌ಗಳಿಗೆ ಮಾತ್ರ ಈ ಚಾಳಿ. 2008ರ ಆವೃತ್ತಿಯಲ್ಲಿ ಬಂದ ಡೇಟ್ ಮತ್ತು ಡೇಟ್‌ಟೈಮ್2 ಟೈಪ್‌ಗಳು 2024-11-01 ಅನ್ನು ಯಾವ ಭಾಷೆಯಲ್ಲಿದ್ದರೂ ನವೆಂಬರ್ 1 ಅಂತಲೇ ಓದುತ್ತವೆ. ಡೇಟ್‌ಟೈಮ್ ಬಿಡೋಕೆ ಆಗದಿದ್ದರೆ ಗೆರೆಗಳನ್ನು ತೆಗೆದು 20241101 ಅಂತ ಕೊಡಿ. ಇಲ್ಲವೇ ತಾರೀಖು ಮತ್ತು ಸಮಯದ ನಡುವೆ ಟಿ ಅಕ್ಷರ ಹಾಕಿ ಪೂರ್ತಿ ಬರೆಯಿರಿ. ಎರಡೂ ಭಾಷೆಗೆ ಜಗ್ಗುವುದಿಲ್ಲ.

ಫೈಲ್‌ನಿಂದ ಬಂದ ನಮ್ಮ ಥರದ ತಾರೀಖಿಗೆ ಕನ್ವರ್ಟ್ ಫಂಕ್ಷನ್‌ನಲ್ಲಿ 103 ಅನ್ನೋ ಸ್ಟೈಲ್ ನಂಬರ್ ಕೊಟ್ಟರೆ ಓರೆಗೆರೆಯ ದಿನ-ತಿಂಗಳು-ವರ್ಷ ಅಂತ ಓದುತ್ತದೆ. 105 ಅಡ್ಡಗೆರೆಯದ್ದಕ್ಕೆ. 101 ಅಮೆರಿಕದ್ದು. ಈ ನಂಬರ್‌ಗಳನ್ನು ಯಾರು ನೆನಪಿಟ್ಟುಕೊಳ್ಳುತ್ತಾರೋ ಗೊತ್ತಿಲ್ಲ, ನಾನಂತೂ ಕ್ವೆರಿಯ ಪಕ್ಕ ಕಾಮೆಂಟ್ ಬರೆದಿಡುತ್ತೇನೆ. 2012ರಿಂದ ಟ್ರೈ_ಕನ್ವರ್ಟ್ ಇದೆ. ಆಗದಿದ್ದರೆ ಎರರ್ ಕೊಡದೆ ನಲ್, ಅಂದರೆ ಬೆಲೆಯೇ ಇಲ್ಲದ ಖಾಲಿ ಜಾಗ ಕೊಡುತ್ತದೆ. ಲಕ್ಷ ಸಾಲಿನ ಫೈಲ್‌ನಲ್ಲಿ ಕೆಟ್ಟ ಸಾಲು ಹುಡುಕೋಕೆ ಬಹಳ ಒಳ್ಳೆಯದು. ಆ ನಲ್‌ಗಳನ್ನು ಎಣಿಸದೆ ಮುಂದೆ ಹೋದರೆ ಅದರಷ್ಟು ಕೆಟ್ಟದ್ದೂ ಇಲ್ಲ.

ಒರಾಕಲ್: ಮೊದಲು ಜಗಳ, ಆಮೇಲೆ ಮೌನ

ಒರಾಕಲ್‌ನ ಎನ್‌ಎಲ್‌ಎಸ್ ಡೇಟ್ ಫಾರ್ಮ್ಯಾಟ್ ಸೆಟ್ಟಿಂಗ್ ಟೆರಿಟರಿಯಿಂದ, ಅಂದರೆ ಯಾವ ದೇಶ ಅನ್ನೋ ಸೆಟ್ಟಿಂಗ್‌ನಿಂದ ಬರುತ್ತದೆ. ಟೆರಿಟರಿ ಅಮೆರಿಕ ಆಗಿದ್ದರೆ 01-NOV-24 ರೂಪ, ಅಂದರೆ ತಿಂಗಳು ಅಕ್ಷರದಲ್ಲಿ. ಇದರಿಂದ ಒಂದು ಲಾಭ ಇದೆ. 01/11/2024 ಅಂತ ಸುಮ್ನೆ ಕೊಟ್ಟರೆ ಇದು ತಿಂಗಳೇ ಅಲ್ಲ ಅಂತ ಒರಾ-01843 ಎರರ್ ಕೊಟ್ಟು ನಿಲ್ಲುತ್ತದೆ. ಹೊಸಬರು ಈ ಎರರ್ ನೋಡಿ ಬೈದುಕೊಳ್ಳುತ್ತಾರೆ. ಬೈಯಬೇಡಿ, ಅದು ನಿಮ್ಮನ್ನು ಉಳಿಸಿದೆ.

ಒರಾಕಲ್ ಕೈಕೊಡೋದು ಬೇರೆ ಕಡೆ. ಅಕ್ಷರಗಳನ್ನು ತಾರೀಖಾಗಿಸುವ ಟು_ಡೇಟ್ ಫಂಕ್ಷನ್ ಬಳಸಿ ನಾಲ್ಕು ವೈ ಇರುವ (ನಾಲ್ಕಂಕಿ ವರ್ಷದ) ಫಾರ್ಮ್ಯಾಟ್ ಕೊಟ್ಟಿದ್ದೀರಿ, ಫೈಲ್‌ನಲ್ಲಿ ಮಾತ್ರ 01/11/24 ಇದೆ. ಎರರ್ ಬರುವುದಿಲ್ಲ. ಇಸವಿ 24 ಅಂತ ಹೋಗುತ್ತದೆ, 2024 ಅಲ್ಲ, ಎರಡು ಸಾವಿರ ವರ್ಷ ಹಿಂದಿನ 0024. ಸರಿಯಾಗಿದೆಯಾ ಅಂತ ಸೆಲೆಕ್ಟ್ ಮಾಡಿ ನೋಡಿದರೆ ಆ ಮಾಮೂಲಿ ರೂಪದಲ್ಲಿ 01-NOV-24 ಅಂತಲೇ ಕಾಣುತ್ತದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ತಪ್ಪು ಕಾಣಲ್ಲ. 2024ರ ರಿಪೋರ್ಟ್‌ನಲ್ಲಿ ಆ ಸಾಲುಗಳು ಬರಲ್ಲ ಅಷ್ಟೇ. ಪೋಸ್ಟ್‌ಗ್ರೆಸ್‌ನ ಟು_ಡೇಟ್ ಕೂಡ ಹೀಗೇ ಮಾಡುತ್ತದೆ, ಆದರೆ ಅಲ್ಲಿ ತೋರಿಸುವಾಗ 0024 ಅಂತ ಎದ್ದು ಕಾಣುತ್ತದೆ. ಒರಾಕಲ್‌ನಲ್ಲಿ ಕೆಲಸ ಮಾಡುವವರು ಸೆಷನ್ ಶುರುವಿನಲ್ಲೇ ವರ್ಷ ನಾಲ್ಕು ಅಂಕಿಯಲ್ಲಿ ಕಾಣುವಂತೆ ಮಾಡಿಕೊಳ್ಳೋದು ಒಳ್ಳೆಯದು.

ಎಸ್‌ಕ್ಯೂಲೈಟ್: ಕೊಟ್ಟಿದ್ದೆಲ್ಲ ಒಳಗೆ

ಎಸ್‌ಕ್ಯೂಲೈಟ್‌ನಲ್ಲಿ ಡೇಟ್ ಅನ್ನೋ ಟೈಪೇ ಇಲ್ಲ. ಕಾಲಂಗೆ ಡೇಟ್ ಅಂತ ಹೆಸರು ಹಾಕಬಹುದು, ಅದು 01/11/2024 ಅನ್ನು ಬರೀ ಅಕ್ಷರಗಳಾಗಿ ಇಟ್ಟುಕೊಳ್ಳುತ್ತದೆ. ಸಾರ್ಟ್ ಮಾಡಿದರೆ 01/11/2024 ಮೊದಲು, 02/01/2019 ಆಮೇಲೆ. ಮೊಬೈಲ್ ಆಪ್ ಮಾಡುವವರು ಇದನ್ನು ಎಂದಾದರೂ ನೋಡಿಯೇ ಇರುತ್ತಾರೆ.

ಕಾಲಂಗೆ ಒಂದು ಚೆಕ್ ಹಾಕಿದರೆ ಆಯ್ತು ಅನ್ನಬಹುದು. ಕೊಟ್ಟ ಮೌಲ್ಯವನ್ನು ಡೇಟ್ ಫಂಕ್ಷನ್‌ಗೆ ಹಾಕಿ, ಬಂದದ್ದು ಕೊಟ್ಟದ್ದಕ್ಕೆ ಸಮ ಇರಬೇಕು ಅಂತ. ಒಳ್ಳೆಯ ಉಪಾಯ. ಆದರೆ ಸಮ ಚಿಹ್ನೆ ಹಾಕಿದರೆ ಕೆಲಸ ಮಾಡಲ್ಲ. 01/11/2024 ಅದಕ್ಕೆ ಅರ್ಥವಾಗದ್ದರಿಂದ ಡೇಟ್ ಫಂಕ್ಷನ್ ನಲ್ ಕೊಡುತ್ತದೆ. ನಲ್ ಜೊತೆ ಏನನ್ನು ಹೋಲಿಸಿದರೂ ನಲ್. ಚೆಕ್ ನಲ್ ಬಂದರೆ ಪಾಸ್ ಅಂತಲೇ ಎಣಿಸುತ್ತದೆ! ಸಮ ಚಿಹ್ನೆಯ ಜಾಗದಲ್ಲಿ ಈಸ್ ಹಾಕಿ. ಆಗ ಕೆಟ್ಟ ತಾರೀಖು ಬಾಗಿಲಲ್ಲೇ ನಿಲ್ಲುತ್ತದೆ.

ಎರಡಂಕಿ ಇಸವಿ

ಹಳೇ ಮೈಸೂರು, ಹೈದರಾಬಾದ್, ಮುಂಬೈ ಪ್ರಾಂತ್ಯಗಳ ಕನ್ನಡ ಭಾಗಗಳು ಒಂದಾಗಿದ್ದು 1956ರ ನವೆಂಬರ್ 1ರಂದು. ಅದೇ ದಿನ ಹುಟ್ಟಿದ ಅಜ್ಜಿಯೊಬ್ಬರ ಪೆನ್ಷನ್ ದಾಖಲೆಯಲ್ಲಿ 01-11-56 ಅಂತ ಇದೆ ಅಂದುಕೊಳ್ಳಿ. ದಿನ, ತಿಂಗಳ ಜಗಳ ಬಗೆಹರಿದಿದೆ ಅಂತಲೇ ಇಟ್ಟುಕೊಳ್ಳೋಣ. ಬರೀ ಆ 56 ಏನಾಗುತ್ತದೆ?

ಪೋಸ್ಟ್‌ಗ್ರೆಸ್‌ನ ಮಾಮೂಲಿ ಓದಿನಲ್ಲಿ ಮತ್ತು ಮೈಎಸ್‌ಕ್ಯೂಎಲ್‌ನಲ್ಲಿ 00ರಿಂದ 69ರವರೆಗೆ ಎಲ್ಲ 2000ದ ಮೇಲೆ, 70ರಿಂದ 99 ಮಾತ್ರ 1900ರ ಮೇಲೆ. ಅಜ್ಜಿ ಇನ್ನೂ ಹುಟ್ಟಿಲ್ಲ, 2056ಕ್ಕೆ ಹುಟ್ಟುತ್ತಾರೆ. ಎಸ್‌ಕ್ಯೂಎಲ್ ಸರ್ವರ್‌ನ ಮಾಮೂಲಿ ಗಡಿ 2049. 49 ಅಂದರೆ 2049, 50 ಅಂದರೆ 1950. ಹಾಗಾಗಿ 1956 ಸರಿಯಾಗಿ ಬರುತ್ತದೆ. ಒರಾಕಲ್‌ನಲ್ಲಿ ಎರಡಂಕಿ ವರ್ಷಕ್ಕೆಂದೇ ಇರುವ ಆರ್‌ಆರ್ ಫಾರ್ಮ್ಯಾಟ್ ಕೂಡ ಸದ್ಯಕ್ಕೆ 50ರಿಂದ 99ರವರೆಗಿನದನ್ನು ಹಿಂದಿನ ಶತಮಾನಕ್ಕೆ ಹಾಕುತ್ತದೆ. ಹಾಗಂತ ಆ ಎರಡು ಜಾಣ ಅಂದುಕೊಳ್ಳಬೇಡಿ. 1947ರಲ್ಲಿ ಹುಟ್ಟಿದವರನ್ನು ನಾಲ್ಕೂ 2047ಕ್ಕೆ ಕಳಿಸುತ್ತವೆ. ಹುಟ್ಟಿದ ತಾರೀಖಿನ ಕಾಲಂನಲ್ಲಿ ಎರಡಂಕಿ ಇಸವಿ ಕಂಡರೆ ಫೈಲ್ ವಾಪಸ್ ಕಳಿಸೋದೇ ಸರಿ.

ಹಾಗಾದರೆ ಯಾವುದನ್ನು ಆರಿಸೋದು?

ಡೇಟಾಬೇಸ್ ಯಾವುದು ಅಂತ ಆರಿಸುವ ಅವಕಾಶ ನಮ್ಮಲ್ಲಿ ಹೆಚ್ಚಿನವರಿಗೆ ಇರಲ್ಲ, ಆಫೀಸಿನಲ್ಲಿ ಏನಿದೆಯೋ ಅದು. ಆರಿಸಬಹುದಾದ್ದು, ಗೊಂದಲವನ್ನು ಎಲ್ಲಿ ಬಗೆಹರಿಸಬೇಕು ಅನ್ನೋದನ್ನ. ದಾರಿ ಮೂರು.

ಸರ್ವರ್ ಅಥವಾ ಸೆಷನ್ ಸೆಟ್ಟಿಂಗ್ ಬದಲಾಯಿಸೋದು ಒಂದು. ಒಂದು ಸಾಲು ಬರೆದರೆ ಮುಗೀತು, ಹಳೇ ಕೋಡ್ ಮುಟ್ಟಬೇಕಾಗಿಲ್ಲ. ಆದರೆ ಸೆಷನ್‌ನಲ್ಲಿ ಬದಲಾಯಿಸಿದ್ದು ಆ ಕನೆಕ್ಷನ್‌ಗೆ ಮಾತ್ರ. ಪಕ್ಕದ ಕನೆಕ್ಷನ್‌ಗೆ ಅದರ ಗಂಧವೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಡೇಟಾಬೇಸ್‌ಗೋ ಯೂಸರ್‌ಗೋ ಕಾಯಂ ಆಗಿ ಹಾಕಿಡಬಹುದು, ಅದು ಸ್ವಲ್ಪ ವಾಸಿ. ಆದರೂ ಪೀಣ್ಯ ಮತ್ತು ಟೆಕ್ಸಾಸ್ ಎರಡೂ ಕಡೆಯ ಫೈಲ್ ಬರುವ ಜಾಗದಲ್ಲಿ ಯಾವ ಸೆಟ್ಟಿಂಗ್ ಹಾಕಿದರೂ ಅರ್ಧ ಡೇಟಾ ತಪ್ಪು. ಎಲ್ಲ ಫೈಲ್‌ಗಳೂ ಒಂದೇ ಮೂಲದಿಂದ ಬರುತ್ತವೆ, ಕೋಡ್ ಬದಲಾಯಿಸೋಕೆ ಆಗಲ್ಲ ಅನ್ನುವಾಗ ಮಾತ್ರ ನಾನು ಇದನ್ನು ಒಪ್ಪುತ್ತೇನೆ.

ಎರಡನೆಯದು, ಫಾರ್ಮ್ಯಾಟನ್ನು ಕ್ವೆರಿಯಲ್ಲೇ ಬರೆಯೋದು. ಪೋಸ್ಟ್‌ಗ್ರೆಸ್, ಒರಾಕಲ್‌ನಲ್ಲಿ ಟು_ಡೇಟ್, ಮೈಎಸ್‌ಕ್ಯೂಎಲ್‌ನಲ್ಲಿ ಎಸ್‌ಟಿಆರ್_ಟು_ಡೇಟ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕನ್ವರ್ಟ್. ಫೈಲ್‌ಗಳ ವಿಷಯದಲ್ಲಿ ನನ್ನ ಓಟು ಇದಕ್ಕೇ. ಮೊದಲು ಫೈಲನ್ನು ಹಾಗೆಹಾಗೇ ಒಂದು ತಾತ್ಕಾಲಿಕ ಟೇಬಲ್‌ಗೆ ತುಂಬಿ, ತಾರೀಖಿನ ಕಾಲಂ ಟೆಕ್ಸ್ಟ್ ಆಗಿಯೇ ಇರಲಿ. ಅಲ್ಲಿಂದ ಅಸಲಿ ಟೇಬಲ್‌ಗೆ ಸಾಗಿಸುವಾಗ ಪೀಣ್ಯದ್ದಕ್ಕೆ ಒಂದು ಫಾರ್ಮ್ಯಾಟ್, ಟೆಕ್ಸಾಸ್‌ನದ್ದಕ್ಕೆ ಇನ್ನೊಂದು. ಪೋಸ್ಟ್‌ಗ್ರೆಸ್‌ನ ಕಾಪಿ ಆಜ್ಞೆಗೆ ಕಾಲಂವಾರು ತಾರೀಖಿನ ಫಾರ್ಮ್ಯಾಟ್ ಹೇಳೋಕೆ ಬರಲ್ಲ, ಅಲ್ಲಿ ಈ ಸುತ್ತುದಾರಿ ಬೇಕೇ ಬೇಕು. ಮೈಎಸ್‌ಕ್ಯೂಎಲ್‌ನ ಲೋಡ್ ಡೇಟಾದಲ್ಲಿ ಓದುವಾಗಲೇ ಎಸ್‌ಟಿಆರ್_ಟು_ಡೇಟ್ ಹಾಕಬಹುದು, ಒರಾಕಲ್‌ನ ಲೋಡರ್‌ನಲ್ಲಿ ಕಾಲಂ ಪಕ್ಕವೇ ಫಾರ್ಮ್ಯಾಟ್ ಬರೆಯಬಹುದು. ಮೈಎಸ್‌ಕ್ಯೂಎಲ್‌ನವರು ಅಕ್ಷರ ನೋಡಿಕೊಳ್ಳಿ: ಸಣ್ಣ ಎಂ ಅಂದರೆ ತಿಂಗಳ ಅಂಕಿ, ದೊಡ್ಡ ಎಂ ಅಂದರೆ ತಿಂಗಳ ಹೆಸರು, ನಿಮಿಷಕ್ಕೆ ಐ.

ಟು_ಡೇಟ್ ಹಾಕಿದ ಮಾತ್ರಕ್ಕೆ ನಿಶ್ಚಿಂತೆ ಅಂತಲ್ಲ, 0024 ಕಥೆ ಹೇಳಿದೆನಲ್ಲ. ಪೋಸ್ಟ್‌ಗ್ರೆಸ್ 10ಕ್ಕಿಂತ ಹಳೆಯದಾದರೆ ಅದರ ಟು_ಡೇಟ್ ಫೆಬ್ರವರಿ 30 ಕೊಟ್ಟರೂ ಎರರ್ ಕೊಡದೆ ಮಾರ್ಚ್‌ಗೆ ಜಾರಿಸುತ್ತಿತ್ತು. ಸಾಗಿಸುವ ಮೊದಲು ಆ ಟೆಕ್ಸ್ಟ್ ಕಾಲಂನ ಉದ್ದ ಹತ್ತು ಅಕ್ಷರ ಇದೆಯಾ ಅಂತ ನೋಡುವ ಒಂದು ಸಾಲು ಹಾಕಿ.

ಮೂರನೆಯದು, ಡೇಟಾಬೇಸ್‌ಗೆ ತಾರೀಖನ್ನು ಅಕ್ಷರವಾಗಿ ಕಳಿಸದೇ ಇರೋದು. ಪೈಥಾನ್, ಜಾವಾ ಯಾವುದೇ ಇರಲಿ, ಅಲ್ಲಿನ ಡೇಟ್ ಆಬ್ಜೆಕ್ಟನ್ನು ಪ್ಯಾರಾಮೀಟರ್ ಆಗಿ ಕೊಟ್ಟರೆ ದಿನ-ತಿಂಗಳ ಊಹೆ ಸರ್ವರ್‌ನ ಪಾಲಿಗೆ ಉಳಿಯುವುದೇ ಇಲ್ಲ. ಅಪ್ಲಿಕೇಶನ್ ಬರೆಯುವವರಿಗೆ ಇದೇ ಸರಿ, ಎರಡನೇ ಮಾತಿಲ್ಲ. ಜನ ಟೈಪ್ ಮಾಡುವ ಫಾರ್ಮ್‌ನಲ್ಲಿ ಕ್ಯಾಲೆಂಡರ್ ತೋರಿಸಿ, ಇಲ್ಲವೇ ತಿಂಗಳ ಹೆಸರನ್ನು ಅಕ್ಷರದಲ್ಲಿ ಆರಿಸುವಂತೆ ಮಾಡಿ. ಪೈಥಾನ್‌ನ ಪ್ಯಾಂಡಾಸ್ ಲೈಬ್ರರಿಯಿಂದ ಫೈಲ್ ಓದುವವರಿಗೆ ಒಂದು ಮಾತು. 2023ರಲ್ಲಿ ಬಂದ 2.0ಗಿಂತ ಮುಂಚಿನ ಆವೃತ್ತಿಗಳು ಒಂದೊಂದು ಸಾಲನ್ನು ಒಂದೊಂದು ಥರ ಊಹಿಸುತ್ತಿದ್ದವು. 01/11 ಜನವರಿ, ಅದರ ಕೆಳಗಿನ ಸಾಲಿನ 15/11 ನವೆಂಬರ್. ಎರರ್ ಸೊನ್ನೆ. ಈಗಿನ ಆವೃತ್ತಿಯಲ್ಲೂ ಫಾರ್ಮ್ಯಾಟ್ ಬರೆದೇ ಕೊಡಿ.

ಡೇಟಾಬೇಸ್‌ಗೆ ಬರುವ ಮುಂಚೆಯೇ ಕೆಟ್ಟಿದ್ದರೆ?

ಸುಮಾರು ಸಲ ತಪ್ಪು ಡೇಟಾಬೇಸ್‌ನದ್ದಲ್ಲ, ಎಕ್ಸೆಲ್‌ನದ್ದು. ವಿಂಡೋಸ್‌ನ ರೀಜನ್ ಅಮೆರಿಕ ಅಂತಿರುವ ಮಷಿನ್‌ನಲ್ಲಿ ನಮ್ಮ ಕಡೆಯ ಸಿಎಸ್‌ವಿ ತೆರೆಯಿರಿ. 01/11/2024 ಜನವರಿ 11 ಆಗಿ ಸೆಲ್‌ನ ಬಲಗಡೆಗೆ ಹೋಗಿ ಕೂರುತ್ತದೆ. 15/11/2024 ಅರ್ಥವಾಗದೆ ಟೆಕ್ಸ್ಟ್ ಆಗಿ ಎಡಗಡೆಗೆ ಅಂಟಿಕೊಳ್ಳುತ್ತದೆ. ಒಂದೇ ಕಾಲಂನಲ್ಲಿ ಕೆಲವು ತಾರೀಖು ಎಡಕ್ಕೆ, ಕೆಲವು ಬಲಕ್ಕೆ ಕಂಡರೆ ಸೇವ್ ಒತ್ತಬೇಡಿ, ಹಾಗೇ ಮುಚ್ಚಿ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಇಂಪೋರ್ಟ್ ಮಾಡಿ, ಆ ಕಾಲಂ ಟೆಕ್ಸ್ಟ್ ಅಂತ ಹೇಳಿ ತೆಗೆದುಕೊಳ್ಳಿ. ಟೆಕ್ಸ್ಟ್ ಟು ಕಾಲಮ್ಸ್‌ನಲ್ಲಿ ಡಿಎಂವೈ ಆರಿಸುವ ಅವಕಾಶವೂ ಇದೆ, ಆದರೆ ಅದು ಕಾಲಂ ಇನ್ನೂ ಪೂರ್ತಿ ಟೆಕ್ಸ್ಟ್ ಆಗಿರುವಾಗ ಮಾತ್ರ ಉಪಯೋಗ.

ಈಗಾಗಲೇ ತುಂಬಿರುವ ಟೇಬಲ್ ಮೇಲೆ ಅನುಮಾನ ಇದ್ದರೆ ದಿನದ ಅಂಕಿಯ ಪ್ರಕಾರ ಗುಂಪು ಮಾಡಿ ಎಣಿಸಿ ನೋಡಿ. ಪ್ರತಿದಿನ ವ್ಯಾಪಾರ ನಡೆಯುವ ಕಡೆ 1ರಿಂದ 28ರವರೆಗೆ ಎಣಿಕೆ ಹೆಚ್ಚುಕಮ್ಮಿ ಒಂದೇ ಇರಬೇಕು. 12ರ ಆಚೆ ದಿಢೀರ್ ಅಂತ ಕುಸಿದಿದ್ದರೆ, ಓದೋಕೆ ಆಗದ ಸಾಲುಗಳು ಬಿದ್ದುಹೋಗಿವೆ ಅಂತ ಲೆಕ್ಕ. ಇವತ್ತಿನಿಂದ ಮುಂದಿನ ತಾರೀಖಿನ ಬಿಲ್‌ಗಳಿವೆಯಾ ಅಂತಲೂ ಹುಡುಕಿ. ಮಾರ್ಚ್‌ನಲ್ಲಿ ಕೂತು ನೋಡುವಾಗ ಇದೇ ವರ್ಷದ ನವೆಂಬರ್‌ನ ಬಿಲ್ ಸಿಕ್ಕರೆ ಬೇರೆ ಸಾಕ್ಷಿ ಬೇಕಿಲ್ಲ.

ಸಿಕ್ಕಿತು ಅಂತ ದಿನ-ತಿಂಗಳು ತಿರುಗಿಸುವ ಅಪ್‌ಡೇಟ್ ಓಡಿಸಬೇಡಿ. ಅದೇ ಟೇಬಲ್‌ನಲ್ಲಿ ಬೇರೆ ಮೂಲದಿಂದ ಸರಿಯಾಗಿ ಬಂದ ಸಾಲುಗಳೂ ಇರುತ್ತವೆ, ಅವು ತಿರುಗಿ ಕೆಡುತ್ತವೆ. ಯಾವ ಸಾಲು ಯಾವ ಫೈಲ್‌ನಿಂದ ಬಂತು ಅನ್ನೋ ಒಂದು ಕಾಲಂ, ಜೊತೆಗೆ ಬಂದ ಹಾಗೇ ಇಟ್ಟ ತಾರೀಖಿನ ಟೆಕ್ಸ್ಟ್, ಇವೆರಡು ಟೇಬಲ್‌ನಲ್ಲಿ ಇದ್ದರೆ ಆ ಫೈಲ್‌ನ ಸಾಲುಗಳನ್ನಷ್ಟೇ ಆ ಟೆಕ್ಸ್ಟ್‌ನಿಂದ ಮತ್ತೆ ಓದಿಸಬಹುದು.